ಕಿವಿಯ ಇಂಗ್ಲಿಷು, ಕಣ್ಣಿನ ಇಂಗ್ಲಿಷು



ಇಂಗ್ಲಿಷ್ ಕ್ರಿಕೆಟ್ ಕಾಮೆಂಟರಿಯನ್ನು ರೇಡಿಯೋದಲ್ಲಿ ಕೇಳುವ ರೂಢಿ ನಿಮಗಿದ್ದರೆ ಈ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿರುತ್ತದೆ. ಬೌಲರ್ ಓಡಿ ಬಂದ, ಚೆಂಡು ಹಾಕಿದ, ಮೈದಾನದಲ್ಲಿ ಹುಯ್ಲೆದ್ದಿತು. ಆ ಗದ್ದಲದ ನಡುವೆ ಕಾಮೆಂಟೇಟರು 'ಹೀಸ್ ಬೌಲ್ಡ್' ಎಂದು ಕೂಗುತ್ತಾರೆ. ಇಲ್ಲಿ 'ಹೀ' ಅಂದರೆ ಬ್ಯಾಟು ಹಿಡಿದವನು, ಪಾಪ, ಔಟಾದವನು. ಅವರೇ 'ಹೀಸ್ ಬೌಲ್ಡ್ ಹಿಮ್' ಎಂದರೋ, 'ಹೀ' ಅಂದರೆ ಬೌಲರು. ಮೊದಲನೆಯದು 'ಹೀ ಈಸ್', ಎರಡನೆಯದು 'ಹೀ ಹ್ಯಾಸ್'. ಕಿವಿಗೆ ಎರಡೂ ಒಂದೇ 'ಹೀಸ್'. ಕೊನೆಯಲ್ಲಿ ಒಂದು 'ಹಿಮ್' ಬಂತೋ ಇಲ್ಲವೋ ಎಂಬುದರ ಮೇಲೆ ಗೆದ್ದವನು ಯಾರು, ಸೋತವನು ಯಾರು ಎಂಬುದು ತೀರ್ಮಾನವಾಗುತ್ತದೆ. 'ಹೀಸ್ ಕಾಟ್', 'ಹೀಸ್ ಕಾಟ್ ಇಟ್' ಇವುಗಳ ಕತೆಯೂ ಅದೇ. ಒಂದರಲ್ಲಿ ಸಿಕ್ಕಿಬಿದ್ದವನು, ಇನ್ನೊಂದರಲ್ಲಿ ಹಿಡಿದವನು.

ಇಂಗ್ಲಿಷು ಕಷ್ಟ ಎನ್ನುವವರು ಸಾಮಾನ್ಯವಾಗಿ ದೊಡ್ಡ ದೊಡ್ಡ ಪದಗಳನ್ನು ಬೊಟ್ಟು ಮಾಡುತ್ತಾರೆ. ದೊಡ್ಡ ಪದ ನಿಘಂಟಿನಲ್ಲಿ ಸಿಗುತ್ತದೆ, ಅದರ ಚಿಂತೆ ಬೇಡ. ಹೆಣಗಾಟವೆಲ್ಲ ಇರುವುದು 'ಐ', 'ಹೀ', 'ಇಟ್', 'ಈಸ್', 'ಹ್ಯಾಡ್', 'ಆ್ಯಂಡ್', 'ದಟ್' ಎಂಬ ಚಿಕ್ಕ ಚಿಕ್ಕ ಪದಗಳು ಒಂದಕ್ಕೊಂದು ಅಂಟಿಕೊಳ್ಳುವ ರೀತಿಯಲ್ಲಿ. ಶಾಲೆಯಲ್ಲಿ ನಾವು ಇವನ್ನು ಪ್ರೊನೌನು, ವರ್ಬು, ಕಂಜಂಕ್ಷನ್ನು ಎಂದು ಬೇರೆ ಬೇರೆ ಪಾಠಗಳಲ್ಲಿ ಓದಿದೆವು. ಆಡುವವರ ಬಾಯಲ್ಲಿ ಅವು ಹಾಗೆ ಬಿಡಿಬಿಡಿಯಾಗಿ ಇರುವುದೇ ಇಲ್ಲ.

ಇದು ನಮಗೆ ತೀರ ಹೊಸತೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಧಿಗೇ ಒಂದು ಪ್ರಕರಣ ಮೀಸಲಿಟ್ಟ. ಪುಸ್ತಕದ ಮಾತು ಹಾಗಿರಲಿ, 'ಬರುವುದಿಲ್ಲ' ಎಂಬುದನ್ನು ನಾವು 'ಬರಲ್ಲ' ಅನ್ನುತ್ತೇವೆ, 'ಹೋಗಿ ಬಿಟ್ಟ' ಎಂಬುದನ್ನು 'ಹೋಗ್ಬಿಟ್ಟ' ಅನ್ನುತ್ತೇವೆ, ಯಾರೂ ಹೇಳಿಕೊಟ್ಟದ್ದಲ್ಲ. ಆದರೆ ಕನ್ನಡದ ಅಂಟು ಒಂದು ದಿಕ್ಕು, ಇಂಗ್ಲಿಷಿನ ಅಂಟು ಇನ್ನೊಂದು ದಿಕ್ಕು. 'ಬಂದೆನು' ಎಂದಾಗ 'ನಾನು' ಎಂಬುದು ಕ್ರಿಯಾಪದದ ಬಾಲದಲ್ಲೇ ಕೂತಿದೆ, ಹೊರಗೆ ಬೇರೆ 'ನಾನು' ಬೇಕಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲ ಬಹುಮಟ್ಟಿಗೆ ಸವೆದುಹೋಗಿದೆ. 'ಐ ಕೇಮ್', 'ಯೂ ಕೇಮ್', 'ದೇ ಕೇಮ್', ಎಲ್ಲಕ್ಕೂ ಒಂದೇ 'ಕೇಮ್'. ಹೀಗಾಗಿ ಸರ್ವನಾಮವನ್ನು ಬಿಡುವ ಹಾಗಿಲ್ಲ. ಮಳೆ ಬರುತ್ತಿದೆ ಎನ್ನುವುದಕ್ಕೂ 'ಇಟ್ಸ್ ರೇನಿಂಗ್' ಎಂದು ಯಾರಿಗೂ ಸಂಬಂಧಪಡದ ಒಂದು 'ಇಟ್' ತಂದು ನಿಲ್ಲಿಸಬೇಕು. ಸರ್ವನಾಮ ಕದಲುವುದಿಲ್ಲವಾದ್ದರಿಂದ ಕರಗುವ ಸರದಿ ಕ್ರಿಯಾಪದದ್ದಾಯಿತು. 'ಐ ಆ್ಯಮ್' ಎಂಬುದರಲ್ಲಿ ಒಂದು 'ಮ್' ಉಳಿಯಿತು, 'ಐ ವಿಲ್' ಎಂಬುದರಲ್ಲಿ ಒಂದು 'ಲ್' ಉಳಿಯಿತು.

'ಐ ಹ್ಯಾಡ್', 'ಐ ವುಡ್' ಎರಡರಲ್ಲೂ ಉಳಿದದ್ದು ಒಂದು 'ಡ್'. ಹಾಗಾದರೆ 'ಐಡ್' ಎಂದಾಗ ಯಾವುದು ಎಂದು ತಿಳಿಯುವುದು ಹೇಗೆ? ಮುಂದಿನ ಕ್ರಿಯಾಪದವನ್ನು ನೋಡಬೇಕು. 'ಐಡ್ ಗಾನ್' ಅಂದರೆ 'ಹ್ಯಾಡ್', 'ಐಡ್ ಗೋ' ಅಂದರೆ 'ವುಡ್'. 'ಪುಟ್', 'ಕಟ್', 'ಹಿಟ್' ಎಂಬಂಥ ರೂಪ ಬದಲಿಸದ ಕ್ರಿಯಾಪದಗಳು ಬಂದರೆ ಮಾತ್ರ ಈ ಉಪಾಯವೂ ಕೈಕೊಡುತ್ತದೆ. 'ಐಡ್ ಪುಟ್ ಇಟ್ ದೇರ್' ಎಂದವನು ಅಲ್ಲಿ ಇಟ್ಟಿದ್ದನೋ, ಇಡುತ್ತಿದ್ದನೋ, ಅವನನ್ನೇ ಕೇಳಬೇಕು.

ಈ ಮೊಟಕು ರೂಪಗಳ ಮೇಲೆ ಇಂಗ್ಲೆಂಡಿನ ದೊಡ್ಡವರಿಗೆ ಬಹುಕಾಲ ಸಿಟ್ಟಿತ್ತು. ಜೊನಾಥನ್ ಸ್ವಿಫ್ಟ್ 1710ರಲ್ಲಿ 'ಟ್ಯಾಟ್ಲರ್' ಪತ್ರಿಕೆಯಲ್ಲಿ ಈ ಚಾಳಿಯನ್ನು ಝಾಡಿಸಿದ. ಮರುವರ್ಷವೇ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಅಡಿಸನ್ 'ಕಾಂಟ್', 'ಶಾಂಟ್', 'ವೋಂಟ್' ಎಂಬ ಒರಟು ಸದ್ದುಗಳ ಬಗ್ಗೆ ಗೊಣಗಿದ. ಸ್ವಿಫ್ಟ್ ಗೆಳತಿಯರಿಗೆ ಬರೆದ ಖಾಸಗಿ ಪತ್ರಗಳು ಆಮೇಲೆ ಅಚ್ಚಾದವು. ನೋಡಿದರೆ ಅವುಗಳಲ್ಲಿ ಇವೇ ರೂಪಗಳನ್ನು ಅವನು ಸಲೀಸಾಗಿ ಬಳಸಿದ್ದಾನೆ. ಊರಿಗೆಲ್ಲ ಬುದ್ಧಿ ಹೇಳುವ ವೈಯಾಕರಣರ ಕತೆ ಎಲ್ಲ ದೇಶಗಳಲ್ಲೂ ಹೀಗೇ ಏನೋ.

ಬರವಣಿಗೆಯಲ್ಲಿ ಇವನ್ನು ಹೇಗೆ ತೋರಿಸಬೇಕು ಎಂಬುದೂ ಎಲ್ಲರಿಗೂ ಒಪ್ಪಿಗೆಯಾದ ಸಂಗತಿಯಲ್ಲ. ಬಿಟ್ಟ ಅಕ್ಷರದ ಜಾಗದಲ್ಲಿ ಮೇಲೊಂದು ಅಲ್ಪವಿರಾಮದಂಥ ಚಿಹ್ನೆ ಹಾಕುತ್ತಾರಲ್ಲ, ಅಪಾಸ್ಟ್ರಫಿ, ಅದು ಎಷ್ಟು ಕಡೆ ಅಕ್ಷರ ಬಿಟ್ಟಿದೆಯೋ ಅಷ್ಟು ಕಡೆ ಇರಬೇಕು ಎಂದು 'ಆಲಿಸ್' ಕತೆಗಳ ಲೂಯಿಸ್ ಕ್ಯಾರಲ್ ಹಟ ಹಿಡಿದ. ಅವನ ಪುಸ್ತಕಗಳಲ್ಲಿ 'ಶಾಂಟ್' ಎಂಬ ಒಂದೇ ಪದಕ್ಕೆ ಎರಡೆರಡು ಅಪಾಸ್ಟ್ರಫಿ. 1893ರ ಒಂದು ಮುನ್ನುಡಿಯಲ್ಲಿ ಇದನ್ನು ಸಮರ್ಥಿಸಿಯೂ ಇದ್ದಾನೆ. ಬರ್ನಾರ್ಡ್ ಷಾ ಇದಕ್ಕೆ ತದ್ವಿರುದ್ಧ. 'ಡೋಂಟ್', 'ವೋಂಟ್' ಮುಂತಾದ ಪದಗಳಿಗೆ ಅಪಾಸ್ಟ್ರಫಿಯನ್ನೇ ಕಿತ್ತುಹಾಕಿದ. 'ಹೀಲ್' ಎಂಬಲ್ಲಿ ಮಾತ್ರ ಉಳಿಸಿಕೊಂಡ. ಅಲ್ಲಿ ಅದನ್ನು ತೆಗೆದರೆ ಪದ 'ಹೆಲ್' ಆಗಿ, 'ಅವನು ಮಾಡುತ್ತಾನೆ' ಎನ್ನುವ ವಾಕ್ಯ ನೇರ ನರಕಕ್ಕೇ ಇಳಿದುಬಿಡುತ್ತದೆ.

ರೇಡಿಯೋದಲ್ಲಿ ಅಪಾಸ್ಟ್ರಫಿ ಕೇಳಿಸುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಈ ಎಳೆಗೇ ಸೇರಿದ್ದು. ಇಂಗ್ಲಿಷಿನಲ್ಲಿ ಎರಡು ಬಗೆಯ ತಪ್ಪುಗಳಿವೆ. ಕಿವಿಯಿಂದ ಕಲಿತವರು ಮಾಡುವ ತಪ್ಪು ಒಂದು, ಕಣ್ಣಿನಿಂದ ಕಲಿತವರು ಮಾಡುವ ತಪ್ಪು ಇನ್ನೊಂದು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮಗು ಇಂಗ್ಲಿಷನ್ನು ಮೊದಲು ಕೇಳುತ್ತದೆ, ಓದುವುದು ಆಮೇಲೆ. ನಾವು ಬಹಳ ಮಂದಿ ಮೊದಲು ಓದಿದವರು, ಕೇಳಿದ್ದು ಆಮೇಲೆ. ಅವರು ಎಡವುವ ಕಡೆ ನಾವು ಎಡವುವುದಿಲ್ಲ, ನಾವು ಎಡವುವ ಕಡೆ ಅವರ ಮೂರು ವರ್ಷದ ಕೂಸೂ ಎಡವುವುದಿಲ್ಲ.

ಅವರ ತಪ್ಪಿಗೆ ಒಂದು ಮಾದರಿ. 'ಕುಡ್ ಹ್ಯಾವ್' ಎಂಬುದು ಮಾತಿನಲ್ಲಿ 'ಕುಡವ್' ಆಗುತ್ತದೆ. 'ಹ್ಯಾವ್' ಅಲ್ಲಿ ಎಷ್ಟು ಸವೆದಿದೆ ಎಂದರೆ ಸದ್ದಿನಲ್ಲಿ ಅದಕ್ಕೂ 'ಆಫ್' ಎಂಬ ಪದದ ಮೃದುರೂಪಕ್ಕೂ ವ್ಯತ್ಯಾಸ ಇಲ್ಲ. ಆದ್ದರಿಂದ ಅಲ್ಲಿನ ಮಕ್ಕಳು, ದೊಡ್ಡವರೂ ಕೂಡ, 'ಕುಡ್ ಆಫ್' ಎಂದೇ ಬರೆದುಬಿಡುತ್ತಾರೆ. 'ನಿಮ್ಮ' ಎಂಬರ್ಥದ 'ಯುವರ್' ಬರೆಯಬೇಕಾದಲ್ಲಿ 'ಯೂ ಆರ್' ಎಂಬುದರ ಮೊಟಕು ರೂಪ ಬರೆಯುವುದು, 'ಅದರ' ಎಂಬರ್ಥದ 'ಇಟ್ಸ್'ಗೆ ಅಪಾಸ್ಟ್ರಫಿ ಸೇರಿಸುವುದು, ಇವೂ ಅದೇ ಜಾತಿಯ ತಪ್ಪುಗಳು. ನಮ್ಮ ಹೈಸ್ಕೂಲು ಹುಡುಗಿ 'ಕುಡ್ ಆಫ್' ಎಂದು ಬರೆಯುವ ಸಂಭವ ತೀರ ಕಡಿಮೆ. ಅವಳು ಆ 'ಹ್ಯಾವ್' ಅನ್ನು ನೋಡಿದ್ದಾಳೆ, ನಾಲ್ಕು ಅಕ್ಷರ ಎಣಿಸಿದ್ದಾಳೆ.

ಈಗ ನಮ್ಮದು. 'ಆರ್ ಯೂ ರೆಡಿ?' ಎಂದು ಕೇಳಿದರೆ ನಮ್ಮಲ್ಲಿ ಚುರುಕಾದ ಹುಡುಗರು 'ಯೆಸ್, ಐಮ್' ಎನ್ನುತ್ತಾರೆ. ಮೊಬೈಲಿನ ಸಂದೇಶಗಳಲ್ಲಂತೂ ಇದು ಧಾರಾಳ. 'ಐ ಆ್ಯಮ್' ಮತ್ತು 'ಐಮ್' ಒಂದೇ ಎಂದು ಪುಸ್ತಕ ಹೇಳಿದೆಯಲ್ಲ, ಚಿಕ್ಕದನ್ನೇ ಬಳಸೋಣ ಎಂಬ ಲೆಕ್ಕಾಚಾರ. ಆದರೆ ಇಂಗ್ಲಿಷ್ ಮನೆಮಾತಾದವರು ಯಾರೂ ಹಾಗೆ ಅನ್ನುವುದಿಲ್ಲ. 'ಯೆಸ್, ಐ ಆ್ಯಮ್' ಎಂದೇ ಅನ್ನಬೇಕು. ಯಾಕೆ? ಕಾರಣ ಸ್ವಾರಸ್ಯವಾಗಿದೆ. 'ಐ ಆ್ಯಮ್' ಎಂದ ಮೇಲೆ 'ರೆಡಿ' ಎಂಬುದನ್ನು ಬಾಯಿ ಹೇಳದಿದ್ದರೂ ಮನಸ್ಸು ಹೇಳುತ್ತಿದೆ. ಮುಂದಿನ ಪದ ಹೀಗೆ ಮರೆಯಾದಾಗ ಅದರ ಭಾರವನ್ನೂ ಹಿಂದಿನ ಕ್ರಿಯಾಪದವೇ ಹೊರಬೇಕು. ಭಾರ ಹೊತ್ತ ಕ್ರಿಯಾಪದ ಕರಗುವ ಹಾಗಿಲ್ಲ.

ಇದೊಂದು ಸೂತ್ರ ಹಿಡಿದರೆ ಬೇರೆ ಎಷ್ಟೋ ಬಾಗಿಲು ತೆರೆಯುತ್ತದೆ. 'ಐ ನೋ ವೇರ್ ಹೀಸ್ ಗೋಯಿಂಗ್' ಸರಿ, 'ಹೀಸ್' ಆದಮೇಲೆ 'ಗೋಯಿಂಗ್' ಇದೆ. 'ಐ ನೋ ವೇರ್ ಹೀಸ್' ಎಂದು ಅಲ್ಲಿಗೇ ನಿಲ್ಲಿಸಿದರೆ ತಪ್ಪು, 'ವೇರ್ ಹೀ ಈಸ್' ಎನ್ನಬೇಕು. ಸ್ಥಳ ಹೇಳುವ ಪದ ಮುಂದಕ್ಕೆ ಹೋಗಿ 'ವೇರ್' ಆಗಿ ಕೂತಿದೆ, ಅದು ಎದ್ದುಹೋದ ಜಾಗ 'ಈಸ್'ನ ಪಕ್ಕದಲ್ಲಿ ಖಾಲಿ ಉಳಿದಿದೆ. 'ಐ ಡೋಂಟ್ ನೋ ವಾಟ್ ಇಟ್ಸ್' ಎಂದು ನಾವು ಬರೆಯುತ್ತೇವಲ್ಲ, ಅದೂ ಹೀಗೇ ತಪ್ಪು. 'ಷೀಸ್ ಟಾಲರ್ ದ್ಯಾನ್ ಐಮ್' ಎಂಬುದೂ ತಪ್ಪು. ಖಾಲಿ ಜಾಗದ ಅಂಚಿನಲ್ಲಿ ನಿಂತ ಕ್ರಿಯಾಪದವನ್ನು ಮೊಟಕು ಮಾಡಬಾರದು, ಅಷ್ಟೆ.

ಆದರೆ 'ನೋ, ಹೀ ಈಸಂಟ್' ಎಂದು ನಿಲ್ಲಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಆರ್ನಾಲ್ಡ್ ಜ್ವಿಕಿ, ಜೆಫ್ರಿ ಪುಲಮ್ ಎಂಬ ಇಬ್ಬರು ಭಾಷಾಶಾಸ್ತ್ರಜ್ಞರು 1983ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದರು. ಅವರ ವಾದ ಏನೆಂದರೆ, 'ಈಸಂಟ್', 'ಡೋಂಟ್', 'ಕಾಂಟ್' ಇವುಗಳಲ್ಲಿನ 'ಂಟ್' ಪಕ್ಕದ ಪದಕ್ಕೆ ತಾತ್ಕಾಲಿಕವಾಗಿ ಒರಗಿದ್ದಲ್ಲ, ಅದು ಕ್ರಿಯಾಪದದ ಪ್ರತ್ಯಯವೇ ಆಗಿಹೋಗಿದೆ. ಪ್ರಶ್ನೆ ಮಾಡಿ ನೋಡಿ: 'ಈಸಂಟ್ ಹೀ ಕಮಿಂಗ್?' ಎಂದಾಗ 'ಈಸ್' ಜೊತೆಗೆ 'ಂಟ್' ಕೂಡ ಮುಂದಕ್ಕೆ ಜಿಗಿಯಿತು. 'ಈಸ್ ನಾಟ್ ಹೀ ಕಮಿಂಗ್' ಎಂದು ಇಂದಿನ ಮಾತಿನಲ್ಲಿ ಯಾರೂ ಅನ್ನುವುದಿಲ್ಲ. 'ವಿಲ್ ನಾಟ್' ಎಂಬುದು 'ವಿಲಂಟ್' ಆಗದೆ 'ವೋಂಟ್' ಆಗಿರುವುದೂ ಇದಕ್ಕೆ ಸಾಕ್ಷಿ. 'ವಿಲ್'ಗೆ ಹಿಂದೆ 'ವೊಲ್' ಎಂಬ ರೂಪವೂ ಇತ್ತು. ಅದು ಬೇರೆಲ್ಲ ಕಡೆ ಸತ್ತು ಈ ನಿಷೇಧದ ಹೊಟ್ಟೆಯೊಳಗೆ ಬದುಕಿಕೊಂಡಿದೆ.

ಪ್ರತ್ಯಯ ಅಂದಮೇಲೆ ಎಲ್ಲ ಕ್ರಿಯಾಪದಕ್ಕೂ ಹತ್ತಬೇಕಲ್ಲ? 'ಆ್ಯಮ್'ಗೆ ಹತ್ತಲೊಲ್ಲದು. 'ಆ್ಯಮಂಟ್' ಎಂದು ಐರ್ಲೆಂಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಅನ್ನುತ್ತಾರೆ, ಉಳಿದವರಿಗೆ ಅದು ಒಗ್ಗಲಿಲ್ಲ. ಹಾಗಾಗಿ 'ಐಮ್ ಲೇಟ್' ಎಂಬ ವಾಕ್ಯಕ್ಕೆ ಬಾಲಂಗೋಚಿ ಪ್ರಶ್ನೆ ಸೇರಿಸುವಾಗ ಶಿಷ್ಟರು 'ಆರಂಟ್ ಐ?' ಎನ್ನುತ್ತಾರೆ. 'ಐ'ಗೆ 'ಆರ್' ಸೇರಿಸಿದರೆ ಪರೀಕ್ಷೆಯಲ್ಲಿ ಸೊನ್ನೆ ಕೊಡುವ ಭಾಷೆಯೇ ಇಲ್ಲಿ ಅದನ್ನು ಸಭ್ಯ ಎಂದು ಒಪ್ಪಿದೆ. ಈ ಖಾಲಿ ಜಾಗಕ್ಕೆ ಹೇಳಿ ಮಾಡಿಸಿದಂತಿದ್ದ 'ಏಂಟ್' ಮಾತ್ರ ಬಹಿಷ್ಕಾರಕ್ಕೊಳಗಾಯಿತು. 1961ರಲ್ಲಿ ಅಮೆರಿಕದ ವೆಬ್‌ಸ್ಟರ್ ನಿಘಂಟಿನ ಮೂರನೆಯ ದೊಡ್ಡ ಆವೃತ್ತಿ ಹೊರಬಂದಾಗ 'ಏಂಟ್' ಬಗ್ಗೆ ಸಾಕಷ್ಟು ಬೈದಿಲ್ಲ ಎಂದು ಪತ್ರಿಕೆಗಳೆಲ್ಲ ಸಂಪಾದಕರ ಮೇಲೆ ಹರಿಹಾಯ್ದವು. ನನಗೆ ಕೇಳಿದರೆ 'ಆರಂಟ್ ಐ'ಗಿಂತ 'ಏಂಟ್ ಐ' ಎಷ್ಟೋ ಮರ್ಯಾದಸ್ಥ ಪದ. ಆದರೆ ಸಂದರ್ಶನಕ್ಕೆ ಹೋಗುವವರು ನನ್ನ ಮಾತು ಕೇಳಬೇಡಿ.

ಕಂಜಂಕ್ಷನ್ನಿನ ಕಡೆಗೆ ಬರೋಣ. 'ಆ್ಯಂಡ್' ಮಾತಿನಲ್ಲಿ ಬರೀ 'ನ್' ಆಗಿ ಉಳಿಯುತ್ತದೆ. ಅದರ ಆಚೆ ಈಚೆ ಸರ್ವನಾಮ ಬಂದಾಗ ಶುರುವಾಗುತ್ತದೆ ರಗಳೆ. ಅಲ್ಲಿನ ಮಕ್ಕಳು 'ಮೀ ಆ್ಯಂಡ್ ಹಿಮ್ ವೆಂಟ್' ಎನ್ನುತ್ತವೆ. ಮೇಷ್ಟ್ರು 'ಹೀ ಆ್ಯಂಡ್ ಐ' ಎಂದು ತಿದ್ದುತ್ತಾರೆ. ತಿದ್ದಿಸಿಕೊಂಡ ಮಗು 'ಮೀ' ಎಂಬುದೇ ಒರಟು, 'ಐ' ಎಂಬುದೇ ಸಭ್ಯ ಎಂದು ತಿಳಿದು, ದೊಡ್ಡದಾದ ಮೇಲೆ 'ಬಿಟ್ವೀನ್ ಯೂ ಆ್ಯಂಡ್ ಐ' ಎನ್ನುತ್ತದೆ. ಅಲ್ಲಿ 'ಮೀ' ಬರಬೇಕಿತ್ತು. ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಆಂಟೋನಿಯೋ ಗೆಳೆಯನಿಗೆ ಬರೆದ ಓಲೆಯಲ್ಲೂ ಈ ಬಳಕೆ ಇದೆ, ಆದ್ದರಿಂದ ತೀರ ಕಂಗೆಡುವಂಥದ್ದೇನಿಲ್ಲ. ನಾವು ಇಲ್ಲಿ ಬಚಾವು. 'ನಾನೂ ಅವನೂ', 'ನನಗೂ ಅವನಿಗೂ' ಎಂದು ವಿಭಕ್ತಿಯನ್ನೂ 'ಊ'ಕಾರವನ್ನೂ ಒಂದೊಂದು ಪದಕ್ಕೂ ಹಚ್ಚಿ ಅಭ್ಯಾಸವಾದ ನಮಗೆ 'ಐ', 'ಮೀ' ಗೊಂದಲ ಅಷ್ಟಾಗಿ ಆಗದು. ನಮ್ಮ ಕನ್ನಡ ಇಣುಕುವುದು 'ಐ ಆ್ಯಂಡ್ ಮೈ ಫ್ರೆಂಡ್' ಎಂದು ನಮ್ಮನ್ನೇ ಮುಂದೆ ನಿಲ್ಲಿಸಿಕೊಳ್ಳುವುದರಲ್ಲಿ. ಅದು ವ್ಯಾಕರಣದ ತಪ್ಪಲ್ಲ, ಅಲ್ಲಿನ ಶಿಷ್ಟಾಚಾರದಲ್ಲಿ 'ಐ' ಸಾಲಿನ ಕೊನೆಗೆ ನಿಲ್ಲಬೇಕು.

'ಆ್ಯಂಡ್' ಎರಡು ಕ್ರಿಯಾಪದಗಳನ್ನು ಸೇರಿಸುವುದೂ ಉಂಟು. 'ಗೋ ಆ್ಯಂಡ್ ಸೀ' ಅಂದರೆ ನಮ್ಮ 'ಹೋಗಿ ನೋಡು'. ಇದನ್ನೇ ನಂಬಿ ನಾವು ಮನೆಯಿಂದ ಹೊರಡುವಾಗ 'ಐ ವಿಲ್ ಗೋ ಆ್ಯಂಡ್ ಕಮ್' ಎಂದುಬಿಡುತ್ತೇವೆ. ವಾಕ್ಯದಲ್ಲಿ ದೋಷವಿಲ್ಲ, ಕೇಳಿದ ಇಂಗ್ಲಿಷಿನವನು ಮಾತ್ರ ಈತ ಎಲ್ಲಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕಾಯುತ್ತಾ ಕೂರುತ್ತಾನೆ. ಬರಿಯ 'ಹೋಗ್ತೀನಿ' ಅನ್ನುವುದು ಅಪಶಕುನ ಎಂಬುದು ಅವನಿಗೇನು ಗೊತ್ತು!

ಸರ್ವನಾಮ, ಕಂಜಂಕ್ಷನ್, ಕ್ರಿಯಾಪದ ಮೂರೂ ಒಂದೇ ಕಡೆ ಗಂಟು ಬೀಳುವ ಜಾಗ ಯಾವುದು ಗೊತ್ತೇ? ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ. 'ರಾಜು ನಾನು ಬರ್ತೀನಿ ಅಂತ ಹೇಳಿದ' ಎಂದು ನೀವು ನನಗೆ ಹೇಳಿದಿರಿ. ಈ ವಾಕ್ಯದಲ್ಲಿ 'ನಾನು' ಅಂದರೆ ರಾಜು, ನೀವಲ್ಲ. 'ಅಂತ' ಎಂಬ ಪುಟ್ಟ ಪದ ರಾಜುವಿನ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಎತ್ತಿ ತರುತ್ತದೆ. ಅದನ್ನೇ ಇಂಗ್ಲಿಷಿಗೆ ಇಳಿಸಿ 'ರಾಜು ಸೆಡ್ ದಟ್ ಐ ವಿಲ್ ಕಮ್' ಎಂದಿರೋ, ಬರಬೇಕಾದವರು ನೀವೇ ಆಗಿಬಿಟ್ಟಿರಿ! ಇಂಗ್ಲಿಷಿನ 'ದಟ್' ಹಾಗೆ ಎತ್ತಿ ತರುವ ಕೆಲಸ ಮಾಡುವುದಿಲ್ಲ. ಅದರ ಆಚೆಗೆ ಹೋದ ಸರ್ವನಾಮವೂ ಕ್ರಿಯಾಪದವೂ ಹೇಳುತ್ತಿರುವವನ ಲೆಕ್ಕಕ್ಕೆ ಬದಲಾಗಬೇಕು. 'ಐ' ಹೋಗಿ 'ಹೀ', 'ವಿಲ್' ಹೋಗಿ 'ವುಡ್': 'ರಾಜು ಸೆಡ್ ದಟ್ ಹೀ ವುಡ್ ಕಮ್'.

ಇಲ್ಲಿಯವರೆಗೆ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಬೀದಿಯಲ್ಲಿ ಕೇಳಿಸುವುದು ಇಷ್ಟೂ ಅಲ್ಲ. ಮಾತಿನಲ್ಲಿ 'ದಟ್' ಬಿದ್ದುಹೋಗುತ್ತದೆ, 'ವುಡ್' ಕರಗಿ 'ಡ್' ಆಗುತ್ತದೆ. ಉಳಿಯುವುದು 'ರಾಜು ಸೆಡ್ ಹೀಡ್ ಕಮ್'. ವೇಗವಾಗಿ ಆಡಿದರೆ ಆ 'ಹೀ' ಎಂಬುದರ ಹಕಾರವೂ ಮಾಯ. ನಮ್ಮ ಪುಸ್ತಕದ ಕಿವಿಗೆ 'ರಾಜು ಸೆಡೀಡ್ಕಮ್' ಎಂಬ ಒಂದು ಸದ್ದಿನ ಮುದ್ದೆ ಬೀಳುತ್ತದೆ. ಬಿಡಿಸಿ ನೋಡಿದರೆ ಎಲ್ಲ ನಮಗೆ ಗೊತ್ತಿರುವ ಪದಗಳೇ. ಹೊಸದಾಗಿ ಲಂಡನ್ನಿಗೋ ಡಾಲಸ್ಸಿಗೋ ಹೋದ ನಮ್ಮವರು ಇಂಗ್ಲಿಷ್ ಚೆನ್ನಾಗಿ ಬಂದರೂ ಮೊದಮೊದಲು ಕಕ್ಕಾಬಿಕ್ಕಿಯಾಗುವುದು ಇಂಥ ಕಡೆ.

ಹಾಗೆಂದು ಇಂಗ್ಲಿಷಿನ ವ್ಯವಸ್ಥೆ ನಮ್ಮದಕ್ಕಿಂತ ಖಚಿತ ಎಂದೇನೂ ತಿಳಿಯಬೇಡಿ. 'ರಾಜು ಟೋಲ್ಡ್ ರವಿ ಹೀಡ್ ವನ್' ಎಂದರೆ ಗೆದ್ದವನು ರಾಜುವೋ ರವಿಯೋ ಮೂರನೆಯವನೋ? ಹೇಳಲಾಗದು. ಕನ್ನಡದಲ್ಲಿ 'ತಾನು ಗೆದ್ದೆನೆಂದು ಹೇಳಿದ' ಅಂದರೆ ಗೆದ್ದವನು ರಾಜು, ಮಾತು ಮುಗಿಯಿತು. 'ತಾನು' ಎಂಬಂಥ ಸರ್ವನಾಮ ಇಂಗ್ಲಿಷಿಗೆ ಇಲ್ಲ. ಇಲ್ಲದ್ದನ್ನು ಹೊರಗಿನಿಂದ ತಂದುಕೊಳ್ಳುವ ಎದೆಗಾರಿಕೆ ಮಾತ್ರ ಅದಕ್ಕೆ ಹಿಂದಿನಿಂದಲೂ ಇದೆ. 'ದೇ', 'ದೆಮ್', 'ದೇರ್' ಮೂರೂ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಭಾಷೆಯಿಂದ ಬಂದವು. ಹಳೆಯ ಸರ್ವನಾಮ 'ಹೆಮ್' ಮೂಲೆಗೆ ಸರಿಯಿತು. ಪೂರ್ತಿ ಹೋಯಿತೇ? ಇಲ್ಲ. ಮಾತಿನಲ್ಲಿ 'ಗಿವೆಮ್', 'ಟೆಲೆಮ್' ಎನ್ನುತ್ತಾರಲ್ಲ, ಆ 'ಎಮ್' ಎಂಬುದು 'ದೆಮ್' ಸವೆದು ಆದದ್ದಲ್ಲ, ಹಳೆಯ 'ಹೆಮ್'ನ ಹಕಾರ ಉದುರಿ ಉಳಿದದ್ದು. ಒರಟು ಮಾತು ಎಂದು ನಾವು ಮೂಗು ಮುರಿಯುವ ಪದ 'ದೆಮ್'ಗಿಂತ ಅಸಲಿ ಇಂಗ್ಲಿಷು.

ಇನ್ನು ಬಾಲಂಗೋಚಿ ಪ್ರಶ್ನೆಗಳು. ಕನ್ನಡದಲ್ಲಿ 'ಅಲ್ವಾ' ಒಂದಿದ್ದರೆ ಸಾಕು. ನೀನು ಬರ್ತೀಯ ಅಲ್ವಾ, ಅವರು ಹೋದ್ರು ಅಲ್ವಾ, ಅವಳಿಗೆ ಹಾಡೋಕೆ ಬರಲ್ಲ ಅಲ್ವಾ. ಇಂಗ್ಲಿಷಿನಲ್ಲಿ ಹಿಂದಿನ ವಾಕ್ಯದ ಕ್ರಿಯಾಪದ ಯಾವುದು, ಸರ್ವನಾಮ ಯಾವುದು, ಇದೆ ಎಂದದ್ದೋ ಇಲ್ಲ ಎಂದದ್ದೋ, ಮೂರನ್ನೂ ಅರೆಕ್ಷಣದಲ್ಲಿ ಲೆಕ್ಕ ಹಾಕಿ ತಿರುಗುಮುರುಗು ಮಾಡಬೇಕು. 'ಯೂರ್ ಕಮಿಂಗ್, ಆರಂಟ್ ಯೂ?' 'ದೇ ವೆಂಟ್, ಡಿಡಂಟ್ ದೇ?' 'ಷೀ ಕಾಂಟ್ ಸಿಂಗ್, ಕ್ಯಾನ್ ಷೀ?' ಇಷ್ಟು ಗಣಿತ ಯಾರಿಗೆ ಬೇಕು ಎಂದು ನಾವು ಎಲ್ಲಕ್ಕೂ 'ಈಸಂಟ್ ಇಟ್?' ಎಂದು ಒಂದೇ ಬಾಲ ಕಟ್ಟಿದೆವು. ಭಾರತೀಯರ ಇಂಗ್ಲಿಷನ್ನು ಅಣಕಿಸುವವರೆಲ್ಲ ಮೊದಲು ಹಿಡಿಯುವುದು ಇದನ್ನೇ.

ಈಗ ಲಂಡನ್ನಿನ ಬಸ್ಸಿನಲ್ಲಿ ಕೂತು ಕೇಳಿ. ಅಲ್ಲಿನ ಹರೆಯದ ಹುಡುಗರು 'ಈಸಂಟ್ ಇಟ್' ಎಂಬುದನ್ನೇ ಅಂಟಿಸಿ 'ಇನಿಟ್' ಮಾಡಿ, ನೀನು, ಅವನು, ನಿನ್ನೆ, ನಾಳೆ ಎಂಬ ಭೇದವಿಲ್ಲದೆ ಎಲ್ಲ ವಾಕ್ಯಕ್ಕೂ ಅದೊಂದನ್ನೇ ಹಚ್ಚುತ್ತಾರೆ. ಸಂಪೂರ್ಣ ನಮ್ಮ 'ಅಲ್ವಾ'! 2013ರಲ್ಲಿ ದಕ್ಷಿಣ ಲಂಡನ್ನಿನ ಒಂದು ಶಾಲೆ ಮಕ್ಕಳು ಆಡಬಾರದ ಮಾತುಗಳ ಪಟ್ಟಿ ಬರೆದು ತೂಗುಹಾಕಿತು. ಅದರಲ್ಲಿ 'ಇನಿಟ್' ಇತ್ತು, 'ಏಂಟ್' ಇತ್ತು, 'ಯೂ ವಾಸ್' ಕೂಡ ಇತ್ತು. ಈ 'ಯೂ ವಾಸ್' ಮೇಲೆ ಕೋಪ ಹೊಸದಲ್ಲ. ಹಿಂದೆ ಬಹುವಚನವಾಗಿದ್ದ 'ಯೂ' ಒಬ್ಬನಿಗೂ ಸಲ್ಲತೊಡಗಿದ ಮೇಲೆ, ಒಬ್ಬನಾದರೆ 'ಯೂ ವಾಸ್', ಹಲವರಾದರೆ 'ಯೂ ವರ್' ಎಂಬ ಒಪ್ಪವಾದ ಏರ್ಪಾಡು ಹದಿನೆಂಟನೆಯ ಶತಮಾನದ ಓದಿದವರ ಮಾತಿನಲ್ಲೇ ಬೇರೂರುತ್ತಿತ್ತು. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಬರೆದ ವ್ಯಾಕರಣದಲ್ಲಿ ಅದನ್ನು ಘೋರ ಅಪಪ್ರಯೋಗ ಎಂದು ಖಂಡಿಸಿದ. ಪುಸ್ತಕ ಬರೆಯುವವರು ಅಂಜಿ ಕೈಬಿಟ್ಟರು. ಲಂಡನ್ನಿನ ಬೀದಿಯ ಜನ ಲೌತ್‌ನನ್ನು ಓದಿರಲಿಲ್ಲ, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತಿಗೂ 'ಯೂ ವಾಸ್' ಎನ್ನುತ್ತಲೇ ಇದ್ದಾರೆ.